ಒರೆಸಿದರೂ ಹೋಗದ ಕುಂಕುಮ

ನನ್ನ ಹಾಗೆ ದೇವಿ ಅಮ್ಮನನ್ನು ನಂಬಿ, ಆಗಾಗ ಅವಳ ಮೇಲೆ ಮುನಿಸಿಕೊಂಡು, ಮರುದಿನ ನಾಚಿಕೆಯಿಲ್ಲದೆ ಮತ್ತೆ ದೀಪ ಹಚ್ಚುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ.

ಕಳೆದ ದಸರಾದ ನವಮಿಯಾಗಿ ನಾಲ್ಕನೆಯ ದಿನ, ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ, ಪುಣೆಯ ಬಿಬವೇವಾಡಿಯಲ್ಲಿ ನಮ್ಮ ಕಟ್ಟಡದ ಗೇಟಿನ ಮುಂದೆ ನನ್ನ ಮಗಳು ಪ್ರಣತಿ ಶಾಲಾ ಬಸ್ಸಿನ ಲಿಫ್ಟಿನಿಂದ ಜಾರಿದಳು. ಅವಳಿಗೆ ಹನ್ನೆರಡು ವರ್ಷ. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಆ ಬಸ್ಸಿನ ಹಿಂಬಾಗಿಲಲ್ಲಿ ಒಂದು ಉಕ್ಕಿನ ಹಲಗೆ ಇದೆ. ಅದು ನೆಲಕ್ಕಿಳಿದು ಕುರ್ಚಿಯನ್ನು ಹೊತ್ತು ಮೇಲೇರುತ್ತದೆ. ಕುರ್ಚಿ ಉರುಳದಂತೆ ಹಲಗೆಯ ಅಂಚಿಗೊಂದು ತಡೆಪಟ್ಟಿ, ಅದನ್ನು ಹಿಡಿದಿಡಲು ಒಂದು ಕೊಂಡಿ. ಅಂದು ಹಲಗೆ ಸೊಂಟದೆತ್ತರಕ್ಕೆ ಏರಿದಾಗ ಕೊಂಡಿ ಬಿಟ್ಟಿತು. ಕುರ್ಚಿ ಹಿಂದಕ್ಕೆ ಜಾರಿತು. ಬಸ್ಸಿನ ಆಯಾ ಶಾಂತಕ್ಕ ಅಡ್ಡ ಬಂದು ಹೆಗಲು ಕೊಟ್ಟಳು. ಅವಳಿಲ್ಲದಿದ್ದರೆ ಏನಾಗುತ್ತಿತ್ತೆಂದು ನಾನು ಈಗಲೂ ಯೋಚಿಸುವುದಿಲ್ಲ. ಪ್ರಣತಿಯ ಹಣೆ ಪಕ್ಕದ ಕಂಬಿಗೆ ಬಡಿಯಿತು. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು.

ಎರಡು ವರ್ಷದಿಂದ ಆ ಲಿಫ್ಟು ಏರುವುದನ್ನು ನೋಡುವುದೇ ನನಗೆ ಬೆಳಗಿನ ಪೂಜೆಯಾಗಿತ್ತು. ಮಂಜು ಕವಿದ ರಸ್ತೆಯಲ್ಲಿ ಹಳದಿ ಬಸ್ಸು ನಿಂತಿರುತ್ತಿತ್ತು. ಮೋಟರು ಗುಂಯ್ ಎನ್ನುತ್ತಿತ್ತು. ಮಗಳ ಮುಖ ಮೊದಲು ನನ್ನ ಎದೆಯ ಮಟ್ಟಕ್ಕೆ, ಆಮೇಲೆ ಕಣ್ಣಿನ ಮಟ್ಟಕ್ಕೆ, ಆಮೇಲೆ ನಾನು ತಲೆಯೆತ್ತಿ ನೋಡುವಷ್ಟು ಮೇಲಕ್ಕೆ ಹೋಗುತ್ತಿತ್ತು. ಬೇರೆ ತಾಯಂದಿರು ಮಕ್ಕಳು ತಮಗಿಂತ ಎತ್ತರವಾಗುವುದನ್ನು ವರ್ಷಗಟ್ಟಲೆ ಕಾಯುತ್ತಾರೆ, ನನಗೆ ಅದು ದಿನವೂ ಅರ್ಧ ನಿಮಿಷದಲ್ಲಿ ಕಾಣುತ್ತಿತ್ತು.

ಬಿದ್ದ ದಿನ ಆಸ್ಪತ್ರೆಯಲ್ಲಿ ನಾನು ಅತ್ತದ್ದನ್ನು ಎಲ್ಲರೂ ನೋಡಿದರು. ಏಕೆ ಅಷ್ಟು ಅತ್ತೆನೆಂದು ಯಾರಿಗೂ ಗೊತ್ತಿರಲಿಲ್ಲ.

ನಾವು ಉಡುಪಿ ಕಡೆಯವರು, ಇಲ್ಲಿ ಸಣ್ಣದೊಂದು ಸಸ್ಯಾಹಾರಿ ಹೋಟೆಲು ನಡೆಸುತ್ತೇವೆ. ನವಮಿಯ ದಿನ ನಮ್ಮಲ್ಲಿ ಅನ್ನ ಕೊಡುವ ಪ್ರತಿಯೊಂದು ಯಂತ್ರಕ್ಕೂ ಪೂಜೆಯುಂಟು. ತೆಂಗಿನೆಣ್ಣೆಯಲ್ಲಿ ಕುಂಕುಮ ಕಲಸಿ ಹಿಟ್ಟು ರುಬ್ಬುವ ಯಂತ್ರದಿಂದ ಹಿಡಿದು ತಕ್ಕಡಿಯವರೆಗೆ ಬೊಟ್ಟಿಡುತ್ತೇನೆ. ಈ ಸಲ ಬಟ್ಟಲಿನಲ್ಲಿ ಸ್ವಲ್ಪ ಉಳಿದಿತ್ತು. ಬಸ್ಸು ಬಂತು. ನನ್ನ ಮಗಳನ್ನು ದಿನಾ ಎತ್ತುವ ಯಂತ್ರಕ್ಕೆ ಯಾಕಿಲ್ಲ ಅನ್ನಿಸಿತು. ಕೊಂಡಿಗೆ ಧಾರಾಳವಾಗಿ ಹಚ್ಚಿದೆ, ಸಂದಿಗೂ ಬೆರಳು ತುರುಕಿದೆ. ನನ್ನದು ಯಾವಾಗಲೂ ಸ್ವಲ್ಪ ಅತಿಯೇ. ನೋಡಿದ್ದು ಶಾಂತಕ್ಕ ಒಬ್ಬಳೇ. ಅವಳು ವಿಜಯಪುರದ ಕಡೆಯವಳು, ಅವಳೂ ಕೈ ಮುಗಿದಳು.

ನಾಲ್ಕೇ ದಿನಕ್ಕೆ ಅದೇ ಕೊಂಡಿ ಬಿಟ್ಟಿತು.

ಶಾಲೆಯವರು ಬಸ್ಸು ನಿಲ್ಲಿಸಿದರು. ಅದೇ ಬಸ್ಸಿನಲ್ಲಿ ಹೋಗುತ್ತಿದ್ದ ಇನ್ನೂ ಐದು ಮಕ್ಕಳು ಮನೆಯಲ್ಲಿ ಉಳಿದರು. ಮುಖ್ಯ ಶಿಕ್ಷಕಿ ಫೋನಿನಲ್ಲಿ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಕೊಂಡಿಯಲ್ಲಿ ಯಾರೋ ಎಣ್ಣೆ, ಬಣ್ಣ ತುಂಬಿದ್ದಾರೆ, ಹೀಗೆ ಮಾಡಿದರೆ ಲಿಫ್ಟಿನ ಕಾರ್ಖಾನೆಯವರು ಜವಾಬ್ದಾರಿ ಹೊರುವುದಿಲ್ಲ, ಲಿಫ್ಟಿನ ಬಸ್ಸನ್ನೇ ಕೈಬಿಡಬೇಕಾಗಬಹುದು. ಆಯಾಳನ್ನು ಸದ್ಯಕ್ಕೆ ಕೆಲಸಕ್ಕೆ ಬರಬೇಡವೆಂದಿದ್ದೇವೆ ಎಂದೂ ಸೇರಿಸಿದರು. ನಾನೂ ಮರಾಠಿಯಲ್ಲಿ "ಹೋ", ಹೌದು, ಎಂದಷ್ಟೇ ಹೇಳಿ ಫೋನಿಟ್ಟೆ. ಹಚ್ಚಿದ್ದು ನಾನೇ ಎಂದು ಹೇಳಲಿಲ್ಲ.

ಪ್ರಣತಿ ಕಿಟಕಿಯ ಹತ್ತಿರ ಸಮವಸ್ತ್ರ ಹಾಕಿಕೊಂಡೇ ಕೂರುತ್ತಿದ್ದಳು. "ಅಮ್ಮಾ, ಬಸ್ಸು ಯಾವಾಗ ಬರ್ತದೆ?" ಎಂದು ಕೇಳುತ್ತಿದ್ದಳು. ಹೆದರಿದ್ದು ಅವಳಲ್ಲ, ನಾನು. ಹನ್ನೆರಡು ವರ್ಷ ದೇವರ ಮುಂದೆ ನಿಂತು ಅವಳಿಗೆ ಕಾಲು ಕೊಡು ಎಂದು ಬೇಡಿದವಳು ಈಗ ಬಸ್ಸು ಕೊಡು ಎಂದು ಬೇಡತೊಡಗಿದೆ. ನನ್ನ ಕೈ ತಪ್ಪು ಮಾಡಿದ್ದರೆ ಕೈಗೆ ಶಿಕ್ಷೆ ಕೊಡು, ಮಗುವಿನ ಶಾಲೆ ಕಸಿಯಬೇಡ ಎಂದೆ. ಬಸ್ಸು ಬರಲಿಲ್ಲ. ಒಂದು ದಿನ ಸಿಟ್ಟಿನಿಂದ ದೀಪ ಹಚ್ಚದೆ ಬಿಟ್ಟೆ.

ಆ ಮಧ್ಯಾಹ್ನ ಊಟದ ಗಿರಾಕಿಗಳು ಹೋದ ಮೇಲೆ ಉಗ್ರಾಣದಲ್ಲಿ ಅಕ್ಕಿ ಮೂಟೆಗೆ ಒರಗಿದೆ. ಹುರಿದ ಕೊತ್ತಂಬರಿಯ ವಾಸನೆ, ದೂರದಲ್ಲಿ ಪಾತ್ರೆಗಳ ಸದ್ದು. ನಿದ್ದೆಯೋ ಎಚ್ಚರವೋ ಗೊತ್ತಿಲ್ಲ. ಹಳದಿ ಬಸ್ಸು ಉಗ್ರಾಣದೊಳಗೇ ಬಂದು ನಿಂತಿತ್ತು. ಹಲಗೆ ಇಳಿಯಿತು. ಅದರ ಮೇಲೆ ಗಾಲಿಕುರ್ಚಿಯಲ್ಲಿ ಅಮ್ಮ ಕೂತಿದ್ದಳು, ಹಸಿರು ಸೀರೆ, ಮೂಗುತಿ, ಹಣೆಯ ತುಂಬ ಕುಂಕುಮ.

"ನಾನು ಎಂದಾದರೂ ನಡೆದದ್ದು ನೋಡಿದ್ದೀಯ?" ಎಂದಳು. "ನೀವು ಪಲ್ಲಕ್ಕಿಯಲ್ಲಿ ಹೊತ್ತಾಗಲೇ ಹೊರಗೆ ಹೋಗಿದ್ದೇನೆ. ಹೊರುವುದು ಗಟ್ಟಿಯಿದ್ದರೆ ಸಾಕು." ಆಮೇಲೆ ಮುಖ ಮುಂದೆ ಚಾಚಿ, "ಕುಂಕುಮ ಹೆಚ್ಚಾಯಿತು, ಒರೆಸು" ಎಂದಳು. ಸೆರಗಿನಿಂದ ಒರೆಸಿದೆ. ಎಲ್ಲ ಹೋಯಿತು, ಒಂದು ಸಣ್ಣ ಕೆಂಪು ಗೆರೆ ಮಾತ್ರ ಹೋಗಲಿಲ್ಲ. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಎದ್ದು ಕೂತೆ. ನನ್ನ ಪಾಪ ಒರೆಸಿದರೆ ಹೋಗುವುದಲ್ಲ ಎಂದು ಅಮ್ಮ ಹೇಳಿದಳೆಂದೇ ತಿಳಿದೆ. ಗಂಡನ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ಗಲ್ಲಾದಿಂದ ಎದ್ದು ಬಂದು ನನ್ನ ಎದುರು ಕೂತರು. "ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿ ಇಟ್ಕೊಂಡು ಕೂತದ್ದಾ ಮಾರಾಯ್ತಿ? ನಾಳೆ ಶಾಲೆಗೆ ಹೋಗಿ ಹೇಳು. ಆ ಹೆಂಗಸಿನ ಕೆಲಸ ಹೋಗ್ಬಾರ್ದು" ಎಂದರು.

ಮರುದಿನ ರಿಕ್ಷಾ ಹಿಡಿದು ಮೊದಲು ಶಾಂತಕ್ಕನ ಮನೆಗೆ ಹೋದೆ. ಅವಳ ಹೆಗಲು ಇನ್ನೂ ಊದಿಕೊಂಡಿತ್ತು. ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ.

"ನೀವು ಭಕ್ತಿಲೆ ಹಚ್ಚಿದ್ರಿ ಅಕ್ಕಾರ, ಅದನ್ನ ತಪ್ಪಂತ ಹೆಂಗ ಹೇಳ್ಲಿ?" ಎಂದಳು.

ಇಬ್ಬರೂ ಕೂಡಿ ಶಾಲೆಗೆ ಹೋದೆವು. ತಳೇಗಾಂವದ ಲಿಫ್ಟಿನ ಕಾರ್ಖಾನೆಯಿಂದ ಮೆಕ್ಯಾನಿಕ್ ಒಬ್ಬ ಬಂದು ಆಗಲೇ ಕೊಂಡಿ ಬಿಚ್ಚುತ್ತಿದ್ದ. ಮುಖ್ಯ ಶಿಕ್ಷಕಿಯ ಎದುರು ನಾನು ತಪ್ಪೊಪ್ಪಿಕೊಂಡೆ, ನಡುವೆ ಶಾಂತಕ್ಕನೊಡನೆ ಕನ್ನಡವೂ ಬಂತು. ಆತ ತಲೆಯೆತ್ತಿದ.

"ಕನ್ನಡದವರೇನ್ರಿ? ನಾನೂ ಬೆಳಗಾವಿ ಕಡಿಯಾಂವ," ಎಂದ. "ಎಣ್ಣಿಲೆ ಕೊಂಡಿ ಕೆಡಂಗಿಲ್ರಿ. ನಾವೂ ಎಣ್ಣಿ ಹಾಕ್ತೀವಿ. ಸ್ಪ್ರಿಂಗ್ ಸಡಲ ಆಗಿರಬೇಕು, ಬದಲ್ ಮಾಡಿದ್ರ ಮುಗೀತು."

ಆದರೂ ನನಗೆ ಕುಂಕುಮ ಕಾಣುತ್ತಿರುವುದೇ ಸಂಕಟ. ಒರೆಸಿಬಿಡಿ ಎಂದೆ. ಆತ ನನ್ನ ಸಮಾಧಾನಕ್ಕೆ ಬಟ್ಟೆಯಿಂದ ಒರೆಸಿದ. ಎಲ್ಲ ಹೋಯಿತು. ಕೊಂಡಿಯ ಬುಡದಲ್ಲಿ ಕೂದಲಿನಷ್ಟು ಸಣ್ಣ ಕೆಂಪು ಗೆರೆಯೊಂದು ಉಳಿಯಿತು. ಸೀಮೆಎಣ್ಣೆ ಹಾಕಿ ತಿಕ್ಕಿದ. ಹೋಗಲಿಲ್ಲ.

ಆತ ಕೊಂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಹೇಳಿದ: "ಅಕ್ಕಾರ, ಇದು ಬಣ್ಣ ಅಲ್ರಿ, ಬಿರುಕ ಅದ. ಬರೇ ಕಣ್ಣಿಗೆ ಕಾಣಂಗಿಲ್ಲ. ಕಾರ್ಖಾನ್ಯಾಗ ಬಿರುಕ ಹುಡುಕೂ ಮುಂದ ನಾವು ಕೆಂಪು ಬಣ್ಣಾನ ಹಚ್ಚಿ ಒರಸ್ತೀವಿ. ಬಿರುಕಿನ್ಯಾಗ ಹೊಕ್ಕಿದ್ದು ಅಲ್ಲೇ ಉಳೀತದ. ನೀವು ಹಚ್ಚಿರದಿದ್ರ ನಾನು ಇವತ್ತ ಸ್ಪ್ರಿಂಗ್ ಹಾಕಿ, ಎಲ್ಲಾ ಬರೋಬ್ಬರಿ ಅದ ಅಂತ ಬರದು ಹೋಗ್ತಿದ್ದೆ."

ನಾನು ಅಲ್ಲೇ ಬಸ್ಸಿನ ಚಕ್ರಕ್ಕೆ ಒರಗಿ ಕೂತುಬಿಟ್ಟೆ. ಶಾಂತಕ್ಕ ನನ್ನ ಕೈ ಹಿಡಿದುಕೊಂಡಳು. ಅವಳೂ ಅಳುತ್ತಿದ್ದಳು. ಅಂದೇ ಅವಳನ್ನು ಮತ್ತೆ ಕೆಲಸಕ್ಕೆ ಕರೆದರು.

ಆತ ಆ ಕೊಂಡಿಯನ್ನು ತಳೇಗಾಂವಕ್ಕೆ ಒಯ್ದ. ಅದೇ ಸಲದ ಎರಕದಲ್ಲಿ ಮಾಡಿದ ಬೇರೆ ಕೊಂಡಿಗಳಲ್ಲೂ ಬಿರುಕು ಸಿಕ್ಕಿತಂತೆ. ಮೂರು ವಾರದಲ್ಲಿ ಶಾಲೆಗೆ ಪತ್ರ ಬಂತು: ಆ ಎರಕದ ಕೊಂಡಿಯಿರುವ ಎಲ್ಲ ಲಿಫ್ಟುಗಳನ್ನು ವಾಪಸು ಕರೆಸಿಕೊಳ್ಳುತ್ತಿದ್ದೇವೆ, ಬದಲಿಸುವವರೆಗೆ ಯಾರೂ ಬಳಸಬಾರದು. ನಾನು ನೋಡದ ಊರುಗಳಲ್ಲಿ, ನಾನು ಹೆಸರು ಕೇಳದ ಶಾಲೆಗಳ ಮುಂದೆಯೂ ಅಂಥ ಬಸ್ಸುಗಳು ನಿಂತಿದ್ದವು. ಅವುಗಳ ಹಲಗೆಯ ಮೇಲೂ ಯಾರದೋ ಮಕ್ಕಳು ದಿನಾ ಏರುತ್ತಿದ್ದರು.

ನನ್ನ ಗಂಡ ಈಗಲೂ ಅದು ಬಣ್ಣದ ಗುಣ ಎನ್ನುತ್ತಾರೆ. ಹೌದು, ಬಣ್ಣದ್ದೇ ಗುಣ. ಆದರೆ ಇಷ್ಟು ದೊಡ್ಡ ಬಸ್ಸಿನಲ್ಲಿ ಆ ಗೇಣುದ್ದದ ಕೊಂಡಿಗೇ ಹಚ್ಚು ಎಂದು ನನ್ನ ಬೆರಳಿಗೆ ಹೇಳಿದ್ದು ಯಾರು? ಕೇಳಿದರೆ ಅವರು ಗಿರಾಕಿಗಳ ಕಡೆ ತಿರುಗುತ್ತಾರೆ. ಕಾಲು ಕೊಡು ಎಂದು ಬೇಡುವುದನ್ನು ನಾನೀಗ ಬಿಟ್ಟಿದ್ದೇನೆ. ಹೊರುವುದು ಗಟ್ಟಿಯಿರಲಿ ಎಂದಷ್ಟೇ ಬೇಡುತ್ತೇನೆ, ನನ್ನ ಮಗಳಿಗೂ, ಆ ಬೇರೆ ಮಕ್ಕಳಿಗೂ.

ಹೊಸ ಕೊಂಡಿ ಹಾಕಿಸಿಕೊಂಡು ಬಸ್ಸು ಬಂದ ದಿನ ನಾನು ಬಟ್ಟಲು ಹಿಡಿದೇ ಗೇಟಿಗೆ ಹೋದೆ. ಲಿಫ್ಟಿನ ಮೇಲೊಂದು ಹೊಸ ಚೀಟಿ ಅಂಟಿಸಿದ್ದರು. ಪ್ರಣತಿ ಓದಿ ನಕ್ಕಳು. "ಅಮ್ಮಾ, ಎಣ್ಣೆ, ಬಣ್ಣ ಎಂತದೂ ಹಚ್ಚಬಾರದಂತೆ. ನಿನಗೇ ಬರೆದದ್ದು ಇದು."

ಶಾಂತಕ್ಕ ಕೊಂಡಿಯನ್ನು ಎರಡು ಸಲ ಎಳೆದು ನೋಡಿದಳು. ನಾನು ಬೆರಳು ಅದ್ದಿ ಮಗಳ ಹಣೆಗೆ ಹಚ್ಚಿದೆ. ಹೊಲಿಗೆಯ ಗಾಯದ ಗುರುತಿನ ಉದ್ದಕ್ಕೂ ಕೆಂಪು ನಿಂತಿತು. ಹಲಗೆ ಏರತೊಡಗಿತು. ಅವಳ ಮುಖ ನನ್ನ ಎದೆಯ ಮಟ್ಟ ದಾಟಿತು, ಕಣ್ಣಿನ ಮಟ್ಟ ದಾಟಿತು, ಆಮೇಲೆ ನಾನು ತಲೆಯೆತ್ತಿ ಕೈ ಮುಗಿದೆ.