ಕೆಂಜಿಗದ ಕಡಿತಕ್ಕೆ ಸುಣ್ಣ

ಮೊನ್ನೆ ಮಗಳು ಬೇಸಿಗೆ ಶಿಬಿರದಿಂದ ಮೈತುಂಬ ಹುಳು ಕಚ್ಚಿದ ದದ್ದು ಹೊತ್ತು ಬಂದಳು. ಶ್ರೀರಂಗಪಟ್ಟಣದಲ್ಲಿ ಹೊಳೆದಂಡೆಯ ಮೇಲೆ ಆಡಿಸಿದ್ದರಂತೆ. ಬೆಳ್ಳೂರು ಕ್ರಾಸಿನ ಔಷಧಿ ಅಂಗಡಿಯಿಂದ ಗುಲಾಬಿ ಬಣ್ಣದ ಲೋಷನ್ ತಂದು ಮುಚ್ಚಳ ತೆಗೆದೆ. ಹಸಿ ಸುಣ್ಣದಂಥ ವಾಸನೆ. ತಟ್ಟನೆ ಮತ್ತೆ ಮುಚ್ಚಿಬಿಟ್ಟೆ. ನಗಬೇಡಿ, ನನಗೆ ಸುಣ್ಣವೆಂದರೆ ಹಾಗೇ.

ಸುಣ್ಣವೆಂದರೆ ನಿಂಗಮ್ಮತ್ತೆ, ನಮ್ಮಪ್ಪನ ಅಕ್ಕ. ಗಂಡ ಹೋದ ಮೇಲೆ ನಾಗಮಂಗಲದ ಬಳಿಯ ನಮ್ಮೂರಿಗೇ ಬಂದು ನಮ್ಮನ್ನೆಲ್ಲ ಸಾಕಿದವಳು. ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿಯುವ ದಿನ ಅವಳದೇ ಯಜಮಾನಿಕೆ. ನಮ್ಮ ಹುಣಸೆಮರದ ತುಂಬ ಕೆಂಜಿಗ. ಕೊಂಬೆ ಅಲುಗಿದರೆ ಸಾಕು, ಆ ಕೆಂಪಿರುವೆಗಳು ಅಂಗಿಯೊಳಕ್ಕೇ ಸುರಿಯುತ್ತಿದ್ದವು. ಅದಕ್ಕೇ ಅತ್ತೆ ನಮಗೆ ತುಂಬುತೋಳಿನ ಅಂಗಿ ಹಾಕಿಸಿ, ಕೈಕಾಲಿಗೆ ಹೊಂಗೆಎಣ್ಣೆ ಸವರುತ್ತಿದ್ದಳು. ಆ ನಾತಕ್ಕೆ ಕೆಂಜಿಗವೇನು, ನೆಂಟರೂ ಹತ್ತಿರ ಸುಳಿಯುತ್ತಿರಲಿಲ್ಲ. ಆದರೂ ಕಚ್ಚಿದರೆ ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಬೊಟ್ಟಿಡುವಳು.

"ಕೆರ್ಕೋಬ್ಯಾಡ ಕಣ್ಲಾ, ಗಾಯ ಆಯ್ತದೆ" ಎಂದು ಕೈಮೇಲೆ ಒಂದು ಏಟನ್ನೂ ಹಾಕುವಳು.

ನಾನು ಓದಿ ವಿಜ್ಞಾನದ ಮೇಷ್ಟ್ರಾದೆ. ಹೊಸ ಮೇಷ್ಟ್ರ ಜಂಬ ಕೇಳಬೇಕೆ! ಇರುವೆ ಚುಚ್ಚುವುದು ಆಮ್ಲ, ಸುಣ್ಣ ಅದಕ್ಕೆ ಎದುರಾಳಿ, ಎರಡೂ ಸೇರಿದರೆ ಶಾಂತ ಎಂದು ತರಗತಿಗಿಂತ ಜಗುಲಿಯಲ್ಲೇ ಹೆಚ್ಚು ಪಾಠ ಮಾಡಿದೆ. ಅತ್ತೆ ಹಿಗ್ಗಿ, "ನೋಡ್ರವ್ವಾ, ನಾನ್ ಮಾಡ್ತಿದ್ದುದ್ನೇ ನಮ್ ಹೈದ ಓದ್ಕಂಡ್ ಬಂದವ್ನೆ" ಎಂದು ಊರಿಗೆಲ್ಲ ಹೇಳಿದಳು.

ನಾಲ್ಕು ಬೇಸಿಗೆಯ ಹಿಂದೆ ಕೆಂಜಿಗ ಅವಳ ಪಾದಕ್ಕೇ ಕಚ್ಚಿತು. ಆಗಲೇ ಸಕ್ಕರೆ ಕಾಯಿಲೆ ಇತ್ತು. ನಮಗೆಲ್ಲ ಎಣ್ಣೆ ಸವರುವವಳು ತನಗೆ ಎಂದೂ ಸವರಿಕೊಂಡವಳಲ್ಲ. ಸುಣ್ಣವನ್ನು ದಪ್ಪಗೆ ಮೆತ್ತಿಕೊಂಡು ನನ್ನ ಬಳಿ ಬಂದಳು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ.

"ಮಗಾ, ಬಲೇ ಉರೀತದೆ. ತೊಳ್ದುಬುಡ್ಲಾ? ಆಸ್ಪತ್ರೆಗಾರೂ ಓಗ್ಬರಾನಾ?"

"ಉರುದ್ರೆ ಸುಣ್ಣ ಕೆಲ್ಸ ಮಾಡ್ತದೆ ಅಂತ ಕಣತ್ತೆ. ಇರುವೆ ಕಚ್ಚುದ್ರೆಲ್ಲ ಆಸ್ಪತ್ರೆಗೋದ್ರೆ ಡಾಕ್ಟ್ರು ನಗ್ತಾರೆ" ಎಂದೆ. ತಲೆಯನ್ನೂ ಎತ್ತಲಿಲ್ಲ.

ಅವಳು ನಂಬಿದಳು. ವಾರವಿಡೀ ಸುಣ್ಣ ಹಚ್ಚಿದಳು. ಚರ್ಮ ಸುಟ್ಟು, ಹುಣ್ಣಾಗಿ, ಬೆರಳುಗಳು ಕಪ್ಪಾದವು. ಆಸ್ಪತ್ರೆ ಸೇರಿಸುವ ಹೊತ್ತಿಗೆ ಮೊಣಕಾಲಿನ ಕೆಳಗೆ ಉಳಿಸುವಂಥದ್ದು ಏನೂ ಇರಲಿಲ್ಲ. ಸುಣ್ಣ ಹಚ್ಚಲು ಹೇಳಿದ್ದು ಯಾರೆಂದು ಡಾಕ್ಟರು ರೇಗಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಯಾರೂ ಇಲ್ಲ ಕಣಪ್ಪಾ, ನಂದೇ ಗೊಡ್ಡು ಬುದ್ಧಿ" ಎಂದಳು. ನಾನು ಸುಮ್ಮನೆ ನಿಂತಿದ್ದೆ. ಹಾಗೆ ನಿಂತದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಮೊನ್ನೆ ಮಗಳ ದದ್ದುಗಳನ್ನು ಸೋಪಿನಲ್ಲಿ ತೊಳೆದು, ತಣ್ಣೀರ ಬಟ್ಟೆ ಒತ್ತಿ, ಲೋಷನ್ ಸವರಿ, ಉಗುರು ಕತ್ತರಿಸಿದೆ. ಮಂಚದ ಮೇಲಿಂದ ಅತ್ತೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕರೆದಳು.

"ಪಾದ ನವೆ ಆಯ್ತದೆ ಕಣ್ಮಗ."

"ಯಾವ ಪಾದ ಅತ್ತೆ?"

"ಅದೇ ಕಣ್ಲಾ... ಓಗಿದ್ದು."

ಇದು ಹೊಸದಲ್ಲ. ಪ್ರತಿಸಲ ನಾನು, "ಅಲ್ಲಿ ಕಾಲೇ ಇಲ್ಲ ಕಣತ್ತೆ, ಅದು ನರದ ಭ್ರಮೆ" ಎಂದು ಪಾಠ ಒಪ್ಪಿಸುತ್ತಿದ್ದೆ. ಈ ಸಲ ಮಂಚದ ತುದಿಗೆ ಕೂತು, ಪಾದ ಇರಬೇಕಾದ ಜಾಗದಲ್ಲಿ ಬರೀ ಹಾಸಿಗೆಯನ್ನು ಮೆಲ್ಲಗೆ ಕೆರೆದೆ.

"ಅಲ್ಲಲ್ಲ, ವಸಿ ಕೆಳಕ್ಕೆ" ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡು.

ನಾನು ಕೈಯನ್ನು ವಸಿ ಕೆಳಕ್ಕೆ ಸರಿಸಿದೆ.