ಬರಿಗೈಯ ನಡಿಗೆ

ತುರ್ವಿಹಾಳದಲ್ಲಿ ಹೆಂಗಸರು ಬರಿಗೈಯಲ್ಲಿ ನಡೆಯುವುದಿಲ್ಲ. ನಡೆಯಬಾರದೆಂದು ಯಾರೂ ಕಟ್ಟಪ್ಪಣೆ ಮಾಡಿಲ್ಲ. ನಡೆದವರನ್ನು ಯಾರೂ ನೋಡಿಲ್ಲ, ಅಷ್ಟೇ. ಓಣಿಯಲ್ಲಿ ಹೊರಟ ಹೆಣ್ಣಿನ ಸೊಂಟದಲ್ಲಿ ಕೊಡವೋ ಕೂಸೋ ಇರುತ್ತದೆ, ತಲೆಯ ಮೇಲೆ ಹುಲ್ಲಿನ ಹೊರೆಯೋ ಬಟ್ಟೆಯ ಗಂಟೋ. ಏನೂ ಇಲ್ಲವೆಂದರೆ ಗಿರಣಿಗೆ ಒಯ್ಯುವ ಜೋಳದ ಡಬ್ಬಿಯಾದರೂ ಇರಬೇಕು. ಅವಳು ಎಲ್ಲಿಗೆ ಹೊರಟಿದ್ದಾಳೆಂದು ಅವಳನ್ನು ಕೇಳಬೇಕಾಗಿಲ್ಲ. ಕೈಯಲ್ಲಿರುವುದೇ ಹೇಳುತ್ತದೆ.

ಪಂಪಾವತಿ ಮಸ್ಕಿಯವಳು. ಹುಡುಗಿಯಾಗಿದ್ದಾಗ ಗೆಳತಿಯರೊಡನೆ ಊರ ಪಕ್ಕದ ಗುಡ್ಡ ಹತ್ತಿ ಇಳಿಯುವುದೆಂದರೆ ಅವಳಿಗೆ ಜೀವ. ಹತ್ತೊಂಬತ್ತಕ್ಕೆ ವೀರೇಶನ ಹೆಂಡತಿಯಾಗಿ ತುರ್ವಿಹಾಳಕ್ಕೆ ಬಂದಳು. ಅಲ್ಲಿಂದ ಇಪ್ಪತ್ತೆರಡು ವರ್ಷ ಅವಳು ನಡೆದದ್ದೇನು ಕಡಿಮೆಯಲ್ಲ. ಒಲೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಿತ್ತಲಿಗೆ, ಹಿತ್ತಲಿಂದ ಅತ್ತೆ ಜೋಗಮ್ಮನ ಹಾಸಿಗೆಗೆ. ಮಗಳು ನಂದಿನಿ ಲಿಂಗಸುಗೂರಿನ ಹಾಸ್ಟೆಲ್ ಸೇರಿದ ಮೇಲೆ ಒಂದು ತಟ್ಟೆ ಕಡಿಮೆಯಾಯಿತೇ ಹೊರತು ಹೆಜ್ಜೆ ಕಡಿಮೆಯಾಗಲಿಲ್ಲ.

ಹೋದ ದಸರೆಯ ಹೊತ್ತಿಗೆ ಅವಳಿಗೆ ಸಕ್ಕರೆ ಕಾಯಿಲೆ ಕಂಡಿತು. ಸಿಂಧನೂರಿನ ಡಾಕ್ಟರಮ್ಮ ಗುಳಿಗೆ ಬರೆದು, ದಿನಾ ನಲವತ್ತು ನಿಮಿಷ ನಡೆಯಬೇಕೆಂದರು. ಜೊತೆಗೆ ಹೋಗಿದ್ದ ವೀರೇಶನಿಗೆ ನಗು ಬಂತು.

"ಮುಂಜಾನಿಂದ ಸಂಜೀತನ ಮನ್ಯಾಗ ಅಡ್ಡಾಡತಾಳ್ರೀ ಮೇಡಂ. ಅದು ವಾಕಿಂಗ್ ಅಲ್ಲೇನು?"

"ಅದು ದುಡಿಮೆ. ವಾಕಿಂಗ್ ಅಂದ್ರ ಕೈಯಾಗ ಏನೂ ಇರಬಾರ್ದು. ಎರಡೂ ಕೈ ಬೀಸಿ ನಡೀಬೇಕು. ನೀವು ನಡೀತೀರೇನು?"

"ರಾತ್ರಿ ಊಟಾದ ಮ್ಯಾಲ ಬಸ್‌ಸ್ಟ್ಯಾಂಡಿನತನ ಹೋಗಿ ಬರ್ತೀನ್ರಿ."

"ಕೈಯಾಗ ಏನು ಹಿಡ್ಕೊಂಡು ಹೋಗ್ತೀರಿ?"

ಇದೆಂಥ ಪ್ರಶ್ನೆ ಎಂಬಂತೆ ವೀರೇಶ ಪಂಪಾವತಿಯ ಮುಖ ನೋಡಿದ.

ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದ ಅವನು ಎಂಟರ ಬಸ್ಸಿಗೆ ಹೋಗಬೇಕು. ಅಷ್ಟರಲ್ಲಿ ರೊಟ್ಟಿ, ಪಲ್ಯ, ಡಬ್ಬಿ. ಹಾಗಾಗಿ ಪಂಪಾವತಿಗೆ ಸಿಕ್ಕಿದ್ದು ಬೆಳಗಿನ ಐದೂವರೆಯ ಹೊತ್ತು. ಊರ ಹೊರಗಿನ ಕಾಲುವೆ ದಂಡೆ ಹಿಡಿದಳು. ಮೊದಲ ದಿನವೇ ಎದುರಾದ ಮೂವರು ಎಲ್ಲಿಗೆಂದು ಕೇಳಿದರು. ಮೂವರೂ ಅವಳ ಮುಖ ನೋಡಲಿಲ್ಲ, ಕೈ ನೋಡಿದರು. ಮಾರನೆಯ ದಿನದಿಂದ ಒಂದು ಸ್ಟೀಲಿನ ಹಾಲಿನ ಕ್ಯಾನು ಹಿಡಿದುಕೊಂಡು ಹೊರಟಳು. ಖಾಲಿ ಕ್ಯಾನು. ಆಮೇಲೆ ಯಾರೂ ಕೇಳಲಿಲ್ಲ.

ಮೂರು ವಾರ ಕ್ಯಾನು ಹೊತ್ತು ನಡೆದಳು. ನವೆಂಬರ್ ಬಂತು, ಗದ್ದೆಗಳ ಮೇಲೆ ಮಂಜು ಇಳಿಯತೊಡಗಿತು. ಒಂದು ದಿನ ಎದುರಿನ ದಾರಿಯೂ ಕಾಣದಷ್ಟು ಮಂಜಿತ್ತು. ಪಂಪಾವತಿ ಸುತ್ತ ನೋಡಿ, ಕಾಲುವೆಗಿಳಿಯುವ ಹಳೆಯ ಪಾವಟಿಗೆಯ ಪಕ್ಕದ ಜಾಲಿ ಗಿಡದ ಟೊಂಗೆಗೆ ಕ್ಯಾನು ತೂಗುಹಾಕಿದಳು. ಎರಡೂ ಕೈ ಇಳಿಬಿಟ್ಟು ನಡೆದಳು.

ಮೊದಲಿಗೆ ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದು ಸೆರಗು ಹುಡುಕಿತು, ಇನ್ನೊಂದು ಸೊಂಟಕ್ಕೆ ಹೋಗಿ ಇಲ್ಲದ ಕೊಡವನ್ನು ತಡವಿತು. ನೂರು ಹೆಜ್ಜೆ ಆದ ಮೇಲೆ ಅವು ತಾವಾಗಿ ಬೀಸತೊಡಗಿದವು. ಪಂಪಾವತಿಗೆ ಎದೆಯಲ್ಲಿ ಗುಡ್ಡದ ಗಾಳಿ ತುಂಬಿದಂತಾಯಿತು. ನಡೆಯುವುದೆಂದರೆ ಇಷ್ಟೇ ಇತ್ತಲ್ಲ, ಇದನ್ನು ಇಪ್ಪತ್ತೆರಡು ವರ್ಷ ಎಲ್ಲಿ ಇಟ್ಟು ಮರೆತಿದ್ದೆ ಎಂದುಕೊಂಡಳು. ಬರುವಾಗ ಕ್ಯಾನು ತೆಗೆದುಕೊಂಡಳು. ದಿನಾ ಹೀಗೇ ನಡೆಯಿತು. ಇಡೀ ದಿನದಲ್ಲಿ ಆ ನಲವತ್ತು ನಿಮಿಷ ಮಾತ್ರ ಅವಳದಾಗಿತ್ತು.

ಎಂಟು ದಿನಕ್ಕೆ ಸುದ್ದಿ ಬಂತು. ತಂದವಳು ಪಕ್ಕದ ಮನೆಯ ಹಸೀನಾಬೀ. ಅವಳ ಗಂಡ ದಸ್ತಗೀರ್‌ಸಾಬ್ ನಸುಕಿನಲ್ಲೇ ಹಾಲಿನ ಕ್ಯಾನುಗಳನ್ನು ಗಾಡಿಗೆ ಕಟ್ಟಿಕೊಂಡು ದಂಡೆಯ ಮೇಲಿಂದ ಸಿಂಧನೂರಿಗೆ ಹೋಗುತ್ತಾನೆ.

"ಪಂಪಕ್ಕಾ, ನಮ್ಮನೆಯವರು ಕಂಡಾರಂತ! ಅಲ್ಲಾ ಕಸಂ. ಮಂಜಿನಾಗ ಒಬ್ಬಾಕಿ ಹೊಂಟಿದ್ಲಂತ. ಕೈಯಾಗ ಕೊಡಾ ಇಲ್ಲ, ಕೂಸಿಲ್ಲ, ಒಂದು ಕಡ್ಡಿ ಸೈತ ಇಲ್ಲ. ಎರಡೂ ಕೈ ಹಿಂಗ ಬೀಸಿಕೋತ!" ಎಂದು ಹಸೀನಾಬೀ ಅಂಗಳದಲ್ಲೇ ನಡೆದು ತೋರಿಸಿದಳು. "ಹಂಗ ನಡಿಯಾಕಿ ಹೆಣ್ಣಮಗಳು ಹೆಂಗ ಆದಾಳು? ಗಾಡಿ ತಿರುಗಿಸಿಕೊಂಡು ಬಂದುಬಿಟ್ರು. ಅಷ್ಟೂ ಹಾಲು ಹಾಳಾತು."

ಪಂಪಾವತಿ ನಗು ತಡೆಯಲು ಸೊಪ್ಪು ಸೋಸುವ ಕಡೆ ಮುಖ ತಿರುಗಿಸಿದಳು. ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದ ಜೋಗಮ್ಮ ನಗಲಿಲ್ಲ.

"ಯಾ ದಂಡಿಗೆ ಕಂಡ್ಲು?" ಎಂದು ಕೇಳಿದಳು.

"ಈ ಕಡಿ ದಂಡಿಗೇ, ಹಳೇ ಪಾವಟಗಿ ಹತ್ರ."

ಪಂಪಾವತಿಯ ನಗು ಇಳಿಯಿತು. ಆ ಪಾವಟಿಗೆಯ ಕಥೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ವೀರೇಶನ ಅಣ್ಣ ಗದ್ದೆಪ್ಪನ ಮೊದಲ ಹೆಂಡತಿ ಶಿವಕುಮಾರಿ. ಪಂಪಾವತಿ ಈ ಮನೆಗೆ ಬರುವ ಎರಡು ವರ್ಷ ಮುಂಚೆ, ಬೀಗರು ಬಂದಿದ್ದ ಒಂದು ದಿನ, ಆಕೆ ಮುಂಜಾನೆಯಿಂದ ಎಂಟು ಕೊಡ ನೀರು ತಂದಿದ್ದಳು. ಕೈ ತೊಳೆಯಲು ನೀರು ಸಾಲದೆಂದು ಜೋಗಮ್ಮ ಒಂಬತ್ತನೆಯ ಸಲ ಕಳಿಸಿದಳು. ಆಕೆ ತಿರುಗಿ ಬರಲಿಲ್ಲ. ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಪಾವಟಿಗೆಯ ಮೇಲಿಟ್ಟ ಹಿತ್ತಾಳೆಯ ಕೊಡ. ಕಂಠದವರೆಗೆ ತುಂಬಿತ್ತು. ಅದರ ಮೇಲೆ, ಕೊಡ ಹೊರುವಾಗ ತಲೆಗಿಡುವ ಸಿಂಬಿ ನೀಟಾಗಿ ಕೂತಿತ್ತು. ಕಾಲುವೆ ಆಕೆಯನ್ನು ಒಯ್ದಿತೆಂದರು ಕೆಲವರು. ಕೈ ಬೀಸಿಕೊಂಡು ನಡೆದುಹೋದಳೆಂದರು ಕೆಲವರು. ಹೆಣ ಸಿಗಲಿಲ್ಲ. ಗದ್ದೆಪ್ಪ ಮರುಮದುವೆಯಾಗಿ ರಾಯಚೂರು ಸೇರಿದ. ಕೊಡ ಮನೆಯಲ್ಲಿ ಉಳಿಯಿತು. ಪಂಪಾವತಿ ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುವುದು ಅದೇ ಕೊಡವನ್ನು.

ಪ್ರತಿ ವರ್ಷ ಕಾಲುವೆಗೆ ನೀರು ಬಂದ್ ಮಾಡಿ ತಳ ಕಂಡಾಗ, ಜೋಗಮ್ಮ ಬಂದವರನ್ನೆಲ್ಲ ಒಂದೇ ಮಾತು ಕೇಳುವಳು: "ಕಾಲುವ್ಯಾಗ ಏನರ ಸಿಕ್ತೇನು?" ಈ ವರ್ಷ ನೀರು ಬಂದ್ ಆಗಿ ಆಗಲೇ ವಾರವಾಗಿತ್ತು. ಮುದುಕಿ ಕೇಳಿರಲಿಲ್ಲ.

ರಾತ್ರಿ ಊಟಕ್ಕೆ ಕೂತ ವೀರೇಶ ಅಂದ, "ನಾಳಿಂದ ದಂಡಿಗೆ ಹೋಗೂದು ಬ್ಯಾಡ."

"ಸಕ್ರಿ ಇಳಿದೈತ್ರಿ. ಡಾಕ್ಟರಮ್ಮ—"

"ದೆವ್ವ ಬಡಕೊಂಡ್ರ ಡಾಕ್ಟರಮ್ಮ ಬರ್ತಾಳೇನು? ಹಿತ್ತಲದಾಗ ಅಡ್ಡಾಡು. ಅಲ್ಲಿ ನೆಲಾ ಇಲ್ಲೇನು?"

ಅದು ದೆವ್ವವಲ್ಲ, ನಾನೇ ಎಂಬ ಮಾತು ಪಂಪಾವತಿಯ ನಾಲಿಗೆಯ ತುದಿಗೆ ಬಂತು. ಹೇಳಿದರೆ ಏನಾಗುವುದೆಂದೂ ಗೊತ್ತಿತ್ತು. ಗುಮಾಸ್ತ ವೀರೇಶನ ಹೆಂಡತಿ ಕೆಲಸವಿಲ್ಲದೆ ಕೈ ಬೀಸಿಕೊಂಡು ತಿರುಗುತ್ತಾಳೆ ಎಂದು ಊರು ಆಡಿಕೊಳ್ಳುತ್ತದೆ. ದೆವ್ವವಾದರೂ ನಡಿಗೆ ಹೋಯಿತು, ಹೆಂಗಸಾದರೂ ಹೋಯಿತು. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಬೆಳಿಗ್ಗೆ ಅವನು ಏಳುವ ಮೊದಲೇ ಹೋಗಿ ಬಂದಳು. ದಂಡೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಹೆದರಿಕೆಯಿಂದ ಊರೇ ಅವಳಿಗೆ ದಾರಿ ಬಿಟ್ಟುಕೊಟ್ಟಿತ್ತು. ಆದರೆ ಅರ್ಧ ದಾರಿಯಲ್ಲೇ ಮೈ ನಡುಗಿ ಚಳಿಜ್ವರ ಹತ್ತಿತು. ಕ್ಯಾನು ಟೊಂಗೆಯಲ್ಲೇ ಮರೆತು, ಹೇಗೋ ಮನೆ ಮುಟ್ಟಿ ಮಲಗಿದಳು. ಮೂರು ದಿನ ಮೇಲೇಳಲಿಲ್ಲ. ಮಲಗಿದಲ್ಲಿಂದಲೇ ಉಪ್ಪು ಎಲ್ಲಿದೆ, ಕೊತ್ತಂಬರಿ ಎಲ್ಲಿದೆ ಎಂದು ಗಂಡನಿಗೆ ಕೂಗಿ ಹೇಳಿದಳು.

ಮೂರನೆಯ ದಿನ ಹಸೀನಾಬೀ ಗಂಜಿ ತಂದಳು. ಕೂತವಳು ದನಿ ತಗ್ಗಿಸಿದಳು.

"ನಿನ್ನೇನೂ ಕಂಡಾಳ, ಇವತ್ತೂ ಕಂಡಾಳ ಪಂಪಕ್ಕಾ. ಈಗ ಆಚಿ ದಂಡಿಗೆ. ಹಂಗಽ, ಕೈ ಬೀಸಿಕೋತ."

ಪಂಪಾವತಿ ಬಟ್ಟಲನ್ನು ಕೆಳಗಿಟ್ಟಳು. "ನಿನ್ನೆ? ಖರೇನಽ?"

"ಇಬ್ರು ನೋಡ್ಯಾರ. ಯಾಕಬೇ, ಹಿಂಗ್ಯಾಕ ಬೆವತಿ?"

ನಿನ್ನೆ ಪಂಪಾವತಿ ಈ ಕೌದಿಯ ಕೆಳಗಿದ್ದಳು. ಇವತ್ತೂ. ಅವಳು ಪಡಸಾಲೆಯತ್ತ ನೋಡಿದಳು. ಜೋಗಮ್ಮ ಅವಳನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ.

ನಾಲ್ಕನೆಯ ದಿನ ಜ್ವರ ಬಿಟ್ಟಿತ್ತು. ಐದೂವರೆಗೆ ಎದ್ದಳು. ಹೋಗದಿದ್ದರೆ ಇನ್ನೆಂದೂ ಹೋಗುವುದಿಲ್ಲವೆಂದು ಅವಳಿಗೆ ಸ್ಪಷ್ಟವಾಗಿ ತಿಳಿದಿತ್ತು. ಹೆದರಿಕೆ ಒಮ್ಮೆ ಮನೆಯೊಳಗೆ ಕೂತರೆ ವೀರೇಶ ಬೇಡವೆನ್ನುವ ಅಗತ್ಯವೇ ಇರುವುದಿಲ್ಲ. ಕ್ಯಾನನ್ನಾದರೂ ತರಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬಾಗಿಲ ಅಗಳಿ ತೆಗೆಯುವಾಗ ಕತ್ತಲಲ್ಲಿ ಜೋಗಮ್ಮ ಮಗ್ಗುಲು ಬದಲಿಸಿದ ಸಪ್ಪಳವಾಯಿತು. ತಡೆಯಲಿಲ್ಲ.

ಮಂಜು ಮೊಣಕಾಲುದ್ದ ನಿಂತಿತ್ತು. ಕಾಲುವೆಯ ತಳದಲ್ಲಿ ಕೆಸರು ಬಿರಿದು, ಅಲ್ಲೊಂದು ಇಲ್ಲೊಂದು ಹಸಿರುಗಟ್ಟಿದ ಗುಂಡಿ ಮಾತ್ರ ಉಳಿದಿತ್ತು. ಕಪ್ಪೆಯೂ ಒದರುತ್ತಿರಲಿಲ್ಲ. ಜಾಲಿ ಗಿಡದ ಬಳಿ ಬಂದಳು. ಟೊಂಗೆ ಖಾಲಿ.

ಕ್ಯಾನು ಪಾವಟಿಗೆಯ ಮೇಲಿತ್ತು. ಯಾರೋ ಬೂದಿ ಹಚ್ಚಿ ತಿಕ್ಕಿದಂತೆ ಹೊಳೆಯುತ್ತಿತ್ತು. ಬಗ್ಗಿ ನೋಡಿದಳು. ಕಂಠದವರೆಗೆ ನೀರು. ಎರಡೂ ದಂಡೆಯ ನಡುವೆ ಬೊಗಸೆ ತಿಳಿನೀರಿಲ್ಲ. ಕ್ಯಾನಿನೊಳಗಿನದು ಬಾವಿಯ ನೀರಿನಷ್ಟು ತಿಳಿ. ಹುಲ್ಲು ಹೆಣೆದ ಒಂದು ಪುಟ್ಟ ಸಿಂಬಿ, ಪಕ್ಕದಲ್ಲಿ ತೆಗೆದಿಟ್ಟ ಮುಚ್ಚಳದ ಮೇಲೆ.

ತಲೆ ಎತ್ತಿದಾಗ ಆಚೆಯ ದಂಡೆಯ ಮೇಲೆ ಆಕೆ ನಡೆಯುತ್ತಿದ್ದಳು. ಅವಸರವಿಲ್ಲ. ಎರಡೂ ಕೈ ಬೀಸುತ್ತಿದ್ದವು, ತಲೆಯ ಮೇಲೆ ಸೆರಗಿರಲಿಲ್ಲ. ಪಂಪಾವತಿ ಕ್ಯಾನಿನ ಪಕ್ಕದಲ್ಲೇ ನಿಂತಳು. ಆಕೆ ಮಾತ್ರ ನಿಲ್ಲಲಿಲ್ಲ, ಈ ಕಡೆ ತಿರುಗಿಯೂ ನೋಡಲಿಲ್ಲ. ಯಾರೂ ಕೂಗಿ ಕರೆಯದ ದಾರಿಯಲ್ಲಿ ನಡೆಯುವವರು ಹೀಗೆ ನಡೆಯುತ್ತಾರೆ. ಕ್ಷಣ ಹೊತ್ತು ಬಿಟ್ಟು ಪಂಪಾವತಿಯೂ ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ನಡುವೆ ಬತ್ತಿದ ಕಾಲುವೆ, ಇತ್ತ ಒಬ್ಬಳು, ಅತ್ತ ಒಬ್ಬಳು. ಎಷ್ಟು ದೂರ ನಡೆದಳೋ ಅವಳಿಗೇ ಲೆಕ್ಕ ಸಿಗಲಿಲ್ಲ. ಬಿಸಿಲು ಮಂಜನ್ನು ಸೀಳಿದಾಗ ಆಚೆಯ ದಂಡೆಯ ಮೇಲೆ ಹುಲ್ಲು ಮಾತ್ರ ಇತ್ತು.

ಕ್ಯಾನನ್ನು ಮುಟ್ಟಲಾಗಲಿಲ್ಲ. ಹಾಗೆಯೇ ಬಿಟ್ಟು, ಏಳು ದಾಟಿದ ಬೆಳಕಿನಲ್ಲಿ, ಓಣಿಯ ತುಂಬ ಜನ ನೋಡುತ್ತಿರುವಾಗ, ಬರಿಗೈಯಲ್ಲಿ ನಡೆದು ಮನೆಗೆ ಬಂದಳು. ದಸ್ತಗೀರ್‌ಸಾಬ್ ಕೈ ಬೀಸುತ್ತ ಬರುವ ಅವಳನ್ನು ನೋಡಿ, ಗಾಡಿಗೆ ಕಟ್ಟುತ್ತಿದ್ದ ಕ್ಯಾನನ್ನು ಕೆಳಗಿಟ್ಟ.

ವೀರೇಶ ಬಾಗಿಲಲ್ಲೇ ಇದ್ದ. "ಚಾ ಇಲ್ಲ, ಡಬ್ಬಿ ಇಲ್ಲ. ಎಲ್ಲಿ ಹಾಳಾಗಿ ಹೋಗಿದ್ದಿ? ಹೋಗಬ್ಯಾಡ ಅಂದಿದ್ದಿಲ್ಲೇನು? ಓಣಿ ಮಂದಿ ಎಲ್ಲಾ ನೋಡಾಕತ್ತಾರ, ಕೈ ಬೀಸಿಕೋತ ಬಂದಾಳ! ಇವತ್ತಿಗೆ ಕಡೀ. ಇನ್ನೊಮ್ಮಿ ಹೊಸ್ತಿಲಾ ದಾಟಿದ್ರ—"

"ವೀರೇಶಾ." ಪಡಸಾಲೆಯಿಂದ ಜೋಗಮ್ಮನ ದನಿ. "ಬಾಯಿ ಮುಚ್ಚು."

"ನೀ ಸುಮ್ಕಿರಬೇ ಯವ್ವಾ."

"ಇಪ್ಪತ್ನಾಕು ವರ್ಷ ಸುಮ್ಕ ಇದ್ದೀನಿ. ಅಕೀನ ಹೋಗಾಕ ಬಿಡು. ದಿನಾ ಹೋಗಲಿ, ತಿರುಗಿ ಬರ್ತಾಳ. ಬ್ಯಾಡಂದ್ರ ಇಕೀನೂ ಕೊಡಾ ಇಟ್ಟು ಹೋಗ್ತಾಳ. ಆಮ್ಯಾಲ ವರ್ಷಾ ನೀರು ಬಂದ್ ಆದಾಗ ನೀನೂ ಕೇಳಿಕೋತ ಕೂಡ್ತಿ, ಏನರ ಸಿಕ್ತೇನು ಅಂತ."

ವೀರೇಶ ಒಳಗೆ ಹೋದ. ಅಂಗಿ ತೊಟ್ಟುಕೊಂಡು ಡಬ್ಬಿಯಿಲ್ಲದೆ ಬಸ್ಸಿಗೆ ನಡೆದ. ಅವನ ಕೈಗಳೂ ಖಾಲಿಯಿದ್ದವು. ಓಣಿಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಪಂಪಾವತಿ ಒಲೆ ಹಚ್ಚಿ ಚಹಾ ಇಟ್ಟಳು. ದಂಡೆಯ ಮೇಲೆ ಕಂಡದ್ದನ್ನು ಯಾರಿಗೂ ಹೇಳಿರಲಿಲ್ಲ, ಹೇಳಬೇಕೆಂದೂ ಇರಲಿಲ್ಲ. ಜೋಗಮ್ಮ ಮೊಣಕಾಲು ಹಿಡಿದುಕೊಂಡು, ಗೋಡೆ ಹಿಡಿದು ನಿಧಾನವಾಗಿ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂತಳು. ಮೂಲೆಯಲ್ಲಿದ್ದ ಹಿತ್ತಾಳೆಯ ಕೊಡದ ಕಡೆ ನೋಡುತ್ತ, ಮೆಲ್ಲಗೆ ಕೇಳಿದಳು:

"ಕ್ಯಾನು ತುಂಬಿತ್ತೇನಬೇ?"

ಪಂಪಾವತಿ ತಿರುಗಿದಳು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

"ತುಂಬಿತ್ತು ಅತ್ತಿ."

"ಹೂಂ," ಎಂದಳು ಮುದುಕಿ. ಸೆರಗಿನಿಂದ ಮುಖ ಒರೆಸಿಕೊಂಡಳು. "ಕೆಲಸ ಮುಗಿಸೇ ಹೋಗಾಕಿ ಅಕಿ. ಅವತ್ತೂ ಹಂಗಽ."