ಸೀಳಬೇಕಿದ್ದ ತಡಸಲು

೧೯೭೮ರಲ್ಲಿ ಒಂದು ಬಿಲ್ಲಿನ ಕೋಲಿಗೆ ಹದಿನೆಂಟು ರೂಪಾಯಿ ಹೇಳಿ ಹದಿನಾಲ್ಕಕ್ಕೆ ಕೊಟ್ಟೆ. ಕೊಯ್ದ ಕೂಲಿಯನ್ನೂ ಬಿಟ್ಟೆ. ಹಾಗೆ ಬಿಟ್ಟದ್ದೇ ತುಟ್ಟಿಯಾಯಿತು.

ಆಗ ರಾಯಚೂರಿನಲ್ಲಿ ನನ್ನದೊಂದು ಕಟ್ಟಿಗೆ ಅಡ್ಡೆ. ಹಮಾಲಿ ಮಾಡಿ ಮೇಲೆ ಬಂದವನು ನಾನು. ಹೊಸದಾಗಿ ಹಾಕಿಸಿದ ಕೊಯ್ಯುವ ಮಿಷಿನ್ನಿನ ಮೇಲೆ ಬಹಳ ಅಭಿಮಾನ. ಮಾನ್ವಿಯ ಖಾಸಿಂಸಾಬರು ಗಾದಿಗೆ ಅರಳೆ ಹಿಂಜುವವರು. ಆಳೆತ್ತರದ ಬಿಲ್ಲಿನ ತಂತಿ ಮೀಟಿ, ಗಂಟುಗಟ್ಟಿದ ಅರಳೆಯನ್ನು ಬಿಡಿಸುವ ಕಸುಬು. ಅವರ ಹಳೆಯ ಬಿಲ್ಲಿಗೆ ಹುಳ ಬಿದ್ದು, ಹೊಸ ಕೋಲಿಗೆಂದು ನನ್ನ ಅಡ್ಡೆಗೆ ಬಂದಿದ್ದರು. ಮದುವೆ ಮನೆಯೊಂದರ ಹನ್ನೊಂದು ಗಾದಿಯ ಕೆಲಸ ಕೈಯಲ್ಲಿತ್ತು. ತಡವಾದರೆ ಅರಳೆ ರಾಯಚೂರಿನ ಹಿಂಜುವ ಮಿಷಿನ್ನಿಗೆ ಹೋಗುತ್ತಿತ್ತು. ಒಮ್ಮೆ ಆ ಕಡೆ ಹೋದ ಗಿರಾಕಿ ತಿರುಗಿ ಬರುವುದಿಲ್ಲ.

ಬೇವು ತೋರಿಸಿದೆ. "ನಾರು ತಿರುಚ್ಯಾದ" ಎಂದರು. ಜಾಲಿಯನ್ನು ಎತ್ತಿ ನೋಡಿ, ಭಾರವೆಂದು ಇಳಿಸಿದರು. ದೇವದುರ್ಗದ ಕಡೆಯಿಂದ ತಂದು ಎರಡು ವರ್ಷ ನೆರಳಲ್ಲಿಟ್ಟಿದ್ದ ತಡಸಲಿನ ದಿಮ್ಮಿಗೆ ಬೆರಳ ಗೆಣ್ಣಿನಿಂದ ಬಡಿದು ಕಿವಿ ಹಚ್ಚಿದರು. ತಡಸಲು ಬಾಗಿದರೂ ಮುರಿಯದ ಮರ. ಕೊಡಲಿ ಕಾವಿಗೂ ಅದನ್ನೇ ಒಯ್ಯುತ್ತಾರೆ.

"ಇದು ಮಾತಾಡ್ತದ ನೋಡ್ರಿ ಸಾವ್ಕಾರ. ಸೀಳಿ ಕೊಡ್ರಿ, ಕೊಯ್ಯಬ್ಯಾಡ್ರಿ."

"ಸೀಳಿದ್ರ ಸೊಟ್ಟ ಬರ್ತದ ಸಾಬ್ರ. ಮಿಷಿನ್ದಾಗ ಗೆರಿ ಹೊಡದಂಗ ಬರ್ತದ. ಪುಕ್ಕಟ ಕೊಯ್ಸಿ ಕೊಡ್ತೀನಿ, ನೀವು ಚಾ ಕುಡೀರಿ."

ಪುಕ್ಕಟೆ ಎಂದ ಮೇಲೆ ಬೇಡವೆನ್ನಲು ಅವರಿಗೆ ಸಂಕೋಚ. ಚಹಾ ಮುಗಿಯುವಷ್ಟರಲ್ಲಿ ಕೋಲು ತಯಾರಾಗಿತ್ತು.

ಐದನೆಯ ದಿನ ಮಾನ್ವಿ ಬಸ್ಸಿನಿಂದ ಎರಡು ತುಂಡು ಹಿಡಿದು ಇಳಿದರು. ತಂತಿ ಬಿಗಿದು ಮೀಟಿದ ಮೊದಲ ದಿನವೇ ಮುರಿದಿತ್ತಂತೆ. ಮುರಿದಲ್ಲಿ ನೋಡಿದೆ: ನಾರು ಓರೆಯಾಗಿ ಹರಿದು ಕೋಲಿನ ಅಂಚಿಗೇ ಹೋಗಿ ಮುಗಿದಿತ್ತು. ಮರ ಬೆಳೆದ ದಾರಿ ಒಂದು, ನನ್ನ ಗರಗಸ ಹೋದ ದಾರಿ ಇನ್ನೊಂದು.

"ಚಾ ಮಾತ್ರ ಚಲೋ ಇತ್ರಿ ಸಾವ್ಕಾರ," ಎಂದು ನಕ್ಕರು.

ಉಳಿದ ದಿಮ್ಮಿಗೆ ಬೆಣೆ ಹೊಡೆದು ಸೀಳಿಸಿದೆ. ನಾರಿನ ಗುಂಟವೇ ಬಿಚ್ಚಿಕೊಂಡು ಕೋಲು ತುಸು ಸೊಟ್ಟ ಬಂತು. ಆ ಬಿಲ್ಲು ಮುರಿಯಲಿಲ್ಲ. ಆದರೆ ಹನ್ನೊಂದು ಗಾದಿಯ ಅರಳೆ ಅಷ್ಟರಲ್ಲಿ ಮಿಷಿನ್ನಿಗೆ ಹೋಗಿತ್ತು. ಆ ಮನೆಯ ಬಳಗದವರೂ ಅದೇ ದಾರಿ ಹಿಡಿದರು.

ಆಮೇಲೂ ಸಾಬರು ಕೆಲಸ ಹುಡುಕಿ ರಾಯಚೂರಿಗೆ ಬಂದಾಗಲೆಲ್ಲ ಅಡ್ಡೆಯ ಬಾಗಿಲಲ್ಲಿ ನಿಂತು ತಂತಿ ಒಮ್ಮೆ ಮೀಟುತ್ತಿದ್ದರು. ಝಂಯ್ ಎಂಬ ಆ ನಾದ ಅಡಗುವವರೆಗೆ ನಾನು ಮಿಷಿನ್ ಬಂದ್ ಮಾಡಿಸುತ್ತಿದ್ದೆ. ೧೯೮೪ರ ನಂತರ ಅವರು ಬರಲಿಲ್ಲ. ಮಾನ್ವಿಗೆ ಹೋಗಿ ಕೇಳಿದರೆ, ಮಗಳ ಊರಿಗೆ ಹೋದರು, ಬಿಲ್ಲನ್ನೂ ಒಯ್ದರು ಎಂದರು. ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ. ಈಗಲೂ ಓಣಿಯಲ್ಲಿ ಎಲ್ಲಾದರೂ ತಂತಿ ಸದ್ದಾದರೆ ಬಾಗಿಲಿಗೆ ಬಂದು ನಿಲ್ಲುತ್ತೇನೆ.

ಬಿಲ್ಲಿಗೆ ಮರ ಆರಿಸುವವರು ನನ್ನ ಮಾತು ಕೇಳಿ. ಗಂಟಿಲ್ಲದ, ನೆರಳಲ್ಲಿ ಒಣಗಿದ ತಡಸಲು ತೆಗೆದುಕೊಳ್ಳಿ. ಬಡಿದು, ಕಿವಿಗೊಟ್ಟು ನೋಡಿ. ಎದುರಿಗೆ ನಿಂತು ಬೆಣೆ ಹೊಡೆಸಿ ಸೀಳಿಸಿ. ಸೊಟ್ಟ ಬಂದರೆ ಬರಲಿ. ಅಡ್ಡೆಯವನು ಪುಕ್ಕಟೆ ಕೊಯ್ದು ಕೊಡುತ್ತೇನೆ ಎಂದರೆ, ಚಹಾ ಮಾತ್ರ ಕುಡಿದು ಬನ್ನಿ.